ಮೀನಿಗೆ ಹೋದ ಹೆಸರು

ನಮ್ಮ ಶಾಲೆಯ ಮಾಸ್ತರರ ಕೋಣೆಯಲ್ಲಿ ಕಿಟಕಿಯ ಬದಿಗೆ ಬೆನ್ನಿಲ್ಲದ ಒಂದು ಮರದ ಬಾಕು ಇತ್ತು. ಕುರ್ಚಿಗಳು ಖಾಲಿಯಿದ್ದರೂ ವಿಜ್ಞಾನದ ಮಾಸ್ತರರು ಅದರ ಮೇಲೆಯೇ ಕೂಡುತ್ತಿದ್ದರು. ಎರಡೂ ಅಂಗೈಗಳನ್ನು ಮೊಣಕಾಲುಗಳ ಮೇಲೆ ಬೋರಲಾಗಿಟ್ಟು, ತಲೆಯನ್ನು ಕೊಂಚ ಮುಂದಕ್ಕೆ ಬಾಗಿಸಿ, ದೂರದಿಂದ ನಡೆದು ಬಂದವರು ಉಸಿರು ತಿರುಗಿಸಿಕೊಳ್ಳಲು ಕೂತ ಹಾಗೆ. ಹೊಸಬರು ಯಾರಾದರೂ "ಆರಾಮ ಇಲ್ಲೇನ್ರಿ?" ಎಂದು ಕೇಳಿದರೆ, "ಆರಾಮ ಅದೇನ್ರಿ, ಕುಂತೇನಿ ಅಷ್ಟ" ಎನ್ನುವರು. ಗಂಟೆ ಹೊಡೆದ ಕೂಡಲೇ "ಆತು, ಮುಂದ?" ಎಂದು ತಮಗೆ ತಾವೇ ಹೇಳಿಕೊಂಡು ಏಳುವರು. ಮದುವೆಯ ಊಟ ಮುಗಿದಾಗಲೂ ಅದೇ ಮಾತು, ಯಾರನ್ನಾದರೂ ಮಣ್ಣು ಮಾಡಿ ಕೈತೊಳೆದುಕೊಂಡಾಗಲೂ ಅದೇ ಮಾತು.

ಕಳೆದ ಶ್ರಾವಣದಲ್ಲಿ ಅವರನ್ನೇ ಮೂಡಲಗಿಯ ಅವರ ಮನೆತನದ ಹೊಲದಲ್ಲಿ ಮಣ್ಣು ಮಾಡಿ ಬಂದೆವು. ಶಾಲೆಯಿಂದ ನಾವು ನಾಲ್ಕೈದು ಮಂದಿ ಹೋಗಿದ್ದೆವು. ಅಲ್ಲಿ ಮಾತನಾಡಿದವರು ಅವರ ಸಾತ್ವಿಕ ಸ್ವಭಾವದ ಬಗ್ಗೆ, ಪಾಠ ಹೇಳುವ ಹದದ ಬಗ್ಗೆ ಮಾತನಾಡಿದರು. ಮೀನಿನ ಮಾತನ್ನು ಯಾರೂ ಎತ್ತಲಿಲ್ಲ. ಎತ್ತಬಾರದೆಂದು ಎಲ್ಲರಿಗೂ ಗೊತ್ತಿತ್ತು.

ನಾನು ಅಂಕಲಗಿಯವನು. ಗೋಕಾವಿಯ ಆ ಇಂಗ್ಲಿಷ್ ಶಾಲೆಗೆ ಡ್ರಾಯಿಂಗ್ ಮಾಸ್ತರನಾಗಿ ಬಂದಾಗ ಅವರು ಅಲ್ಲಿ ವಿಜ್ಞಾನ ಕಲಿಸುತ್ತ ಕೆಲವು ವರ್ಷಗಳಾಗಿದ್ದವು. ಪುಣೆಯಲ್ಲಿ ಓದಿ ಬಂದವರು. ಮೂಡಲಗಿಯಲ್ಲಿ ಅವರ ಅಣ್ಣ ಹೊಲಮನೆ, ಬೆಲ್ಲದ ವ್ಯಾಪಾರ ನೋಡಿಕೊಂಡಿದ್ದರು. ದೊಡ್ಡ ಲಿಂಗವಂತ ಮನೆತನ. ಆ ಮನೆತನದ ಹಿರಿಯರೊಬ್ಬರು, ಎಷ್ಟೋ ತಲೆಮಾರಿನ ಹಿಂದಿನವರು, ದೊಡ್ಡ ಶರಣರೆಂದು ಹೆಸರಾದವರು. ಅವರ ಗದ್ದುಗೆ ಹೊಲದಲ್ಲೇ ಇತ್ತು. ಸೋಮವಾರ ಸುತ್ತಲಿನ ಹಳ್ಳಿಗಳಿಂದ ಜನ ಬಂದು ಕಾಯಿ ಒಡೆಸುತ್ತಿದ್ದರು. ಮನೆತನದ ಅಡ್ಡಹೆಸರು ಬಂದದ್ದು ಆ ಹಿರಿಯರಿಂದ. ಈ ಒಂದು ಸಂಗತಿಯನ್ನು ತಿಳಿದುಕೊಳ್ಳದಿದ್ದರೆ ಮುಂದಿನದು ಅರ್ಥವಾಗುವುದಿಲ್ಲ.

ನಾನು ಅವರನ್ನು ಮೊದಲು ಸರಿಯಾಗಿ ನೋಡಿದ್ದು ಹೊಳೆಯಲ್ಲಿ. ಭಾನುವಾರ ಚಿತ್ರ ಬರೆಯಲೆಂದು, ಜನ ದಬದಬಿ ಎನ್ನುವ ಜಲಪಾತದ ಕೆಳಗಿನ ಬಂಡೆಗಳಿಗೆ ಹೋಗಿದ್ದೆ. ಮಳೆಗಾಲ ಮುಗಿದು ಘಟಪ್ರಭೆ ತೆಳ್ಳಗಾಗಿದ್ದಳು. ಮಾಸ್ತರರು ಧೋತರವನ್ನು ತೊಡೆಯ ಮೇಲಕ್ಕೆ ಕಟ್ಟಿ, ಕೊರಳಿನ ಲಿಂಗದ ಕರಡಿಗೆಯನ್ನು ಬೆನ್ನಿನ ಕಡೆಗೆ ಸರಿಸಿಕೊಂಡು, ಸೊಂಟದವರೆಗಿನ ನೀರಿನಲ್ಲಿ ಬಾಗಿ ಕಲ್ಲುಗಳನ್ನು ಒಂದೊಂದಾಗಿ ಹೊರಳಿಸುತ್ತಿದ್ದರು. ಪಕ್ಕದಲ್ಲಿ ಅಂಬಿಗರ ಮುದುಕನೊಬ್ಬ ಸಣ್ಣ ಕಣ್ಣಿನ ಬಲೆ ಹಿಡಿದು ನಿಂತಿದ್ದ. ನನ್ನನ್ನು ಕಂಡು ಅವರಿಗೆ ನಾಚಿಕೆಯಾಯಿತು. "ಏನಿಲ್ರಿ, ಮೀನ ನೋಡಾಕತ್ತಿದ್ದೆ" ಎಂದರು.

"ನೀವು ಮೀನಾ?" ಎಂದೆ, ಬಾಯಿ ತಪ್ಪಿ.

"ತಿನ್ನಾಕಲ್ರಿ. ನೋಡಾಕ."

ಆ ಮುದುಕ ನಕ್ಕ. "ನೋಡಾಕ ಅಂತ ಮೀನ ಹಿಡಿಯಾವರನ್ನ ನಾ ಇವರನ್ನ ಒಬ್ಬರನ್ನ ಕಂಡೇನ್ರಿ" ಎಂದ.

ಪುಣೆಯಲ್ಲಿ ಅವರಿಗೆ ಕಲಿಸಿದ ಪ್ರೊಫೆಸರರು ಒಮ್ಮೆ, ನಿಮ್ಮ ಕಡೆಯ ಹೊಳೆಗಳ ಮೀನುಗಳನ್ನು ಯಾರೂ ಕೂತು ನೋಡಿಲ್ಲ ಎಂದಿದ್ದರಂತೆ. ಅಷ್ಟೇ ಅವರಿಗೆ ಹತ್ತಿದ ಹುಚ್ಚು. ಬಿಡುವಾದಾಗಲೆಲ್ಲ ಘಟಪ್ರಭೆ, ಮಾರ್ಕಂಡೇಯ, ಹಿರಣ್ಯಕೇಶಿಗಳ ದಂಡೆ. ಹಿಡಿದ ಮೀನನ್ನು ಗಾಜಿನ ಭರಣಿಯಲ್ಲಿ ಸ್ಪಿರಿಟ್ಟಿನಲ್ಲಿ ಹಾಕಿ, ಊರು, ಹೊಳೆ, ತಿಂಗಳು ಬರೆದ ಚೀಟಿ ಅಂಟಿಸುವರು. ಭರಣಿಗಳೆಲ್ಲ ಶಾಲೆಯ ಕಪಾಟಿನಲ್ಲಿದ್ದವು. ಗಂಟೆ ಹೊಡೆಯುವ ಸಿಪಾಯಿ ಆ ಕಪಾಟಿನ ಧೂಳು ಹೊಡೆಯುತ್ತಿರಲಿಲ್ಲ. ಸಂಸ್ಕೃತದ ಶಾಸ್ತ್ರಿಗಳು ಅದರ ಮುಂದೆ ಹಾಯುವಾಗ ಮೂಗಿಗೆ ಉಪರಣಿ ಹಿಡಿಯುತ್ತಿದ್ದರು. ಮನೆಗೆ ಒಂದು ಭರಣಿ ಒಯ್ಯುವ ಧೈರ್ಯವನ್ನು ಮಾಸ್ತರರು ಎಂದೂ ಮಾಡಲಿಲ್ಲ. ಅವರ ಹೆಂಡತಿಯನ್ನು ನಾನು ಅಕ್ಕಾರು ಎಂದು ಕರೆಯುತ್ತಿದ್ದೆ. ಆಕೆ ನನ್ನ ಮುಂದೆಯೇ ಒಮ್ಮೆ ಹೇಳಿದರು: "ಹೊಳಿಗೆ ಹೋಗಬ್ಯಾಡ್ರಿ ಅಂತ ನಾ ಅನ್ನೂದಿಲ್ಲ. ಹೊಳಿ ಮನಿಗೆ ಬರಬಾರದು." ಭಾನುವಾರ ಅವರು ಬರುವ ಹೊತ್ತಿಗೆ ಹಿತ್ತಲಲ್ಲಿ ಹಂಡೆ ನೀರು ಕಾದಿರುತ್ತಿತ್ತು, ಗಳದ ಮೇಲೆ ಮಡಿಸಿದ ಧೋತರ ಇರುತ್ತಿತ್ತು. ಇಬ್ಬರೂ ಆ ಬಗ್ಗೆ ಒಂದು ಮಾತೂ ಆಡುತ್ತಿರಲಿಲ್ಲ. ಮಿಂದು ಲಿಂಗಪೂಜೆ ಮುಗಿಸಿಯೇ ಅವರು ಹೊಸ್ತಿಲು ದಾಟುವರು.

ನನ್ನನ್ನು ಅವರು ಚಿತ್ರಕ್ಕೆ ಹಚ್ಚಿದರು. ಸ್ಪಿರಿಟ್ಟಿಗೆ ಬಿದ್ದ ಮೀನಿನ ಬಣ್ಣ ಸ್ವಲ್ಪ ಹೊತ್ತಿನಲ್ಲೇ ಹೋಗಿಬಿಡುತ್ತದೆ. ಬಣ್ಣ ಇರುವಾಗಲೇ ಬರೆಯಬೇಕು. ಹೊಳೆಯ ದಂಡೆಯಲ್ಲಿ ತಾಟಿನಲ್ಲಿ ನೀರು ಹಾಕಿ, ಮೀನು ಬಿಟ್ಟು, ನಾನು ಬರೆಯುವುದು. ಅವರು ಭುಜದ ಹಿಂದೆ ನಿಂತು ನೋಡುವುದು. ನಾನು ರೆಕ್ಕೆಯ ಅಂಚನ್ನು ಸ್ವಲ್ಪ ಸೊಗಸಾಗಿ ಬಾಗಿಸಿದರೆ ಸಾಕು, "ಚೆಂದ ಮಾಡಬ್ಯಾಡ್ರಿ ಮಾಸ್ತರ. ಇದ್ದಂಗ ತಗೀರಿ" ಎನ್ನುವರು.

"ಇದ್ದಂಗನ ಐತಲ್ರಿ."

"ಇಲ್ರಿ. ಅದರ ರೆಕ್ಕಿ ಒಂದ ಕಡೆ ಹರದೈತಿ. ಹರದದ್ದನ್ನೂ ತಗೀರಿ."

ಅವರ ವರ್ಗದಲ್ಲೂ ಹಾಗೆಯೇ. ಹುಡುಗರು ಪುಸ್ತಕದಲ್ಲಿದ್ದ ಕಪ್ಪೆಯನ್ನು ನೋಡಿ ಕಪ್ಪೆ ಬರೆದರೆ ಸೊನ್ನೆ ಕೊಡುವರು. ಶಾಲೆಯ ಹಿಂದಿನ ಬಾವಿಯ ಕಪ್ಪೆಯನ್ನು ನೋಡಿ ಕೆಟ್ಟದಾಗಿ ಬರೆದರೂ ಪಾಸು. ಬೈಯುತ್ತಿರಲಿಲ್ಲ. ಬೈಯುವಷ್ಟು ತ್ರಾಣ ತಮಗಿಲ್ಲ ಎನ್ನುತ್ತಿದ್ದರು.

ಮುಂದೆ ಇಷ್ಟೆಲ್ಲಕ್ಕೆ ಕಾರಣವಾದ ಮೀನು ಸಿಕ್ಕಿದ್ದು ಜಲಪಾತದ ಕೆಳಗೆ, ನೀರು ರಭಸದಿಂದ ಹರಿಯುವ ಕಡೆ. ಬೆರಳಿನಷ್ಟು ಉದ್ದ. ಹೊಟ್ಟೆಯ ಕೆಳಗೆ ಬಿಳುಪು, ಮೈಮೇಲೆ ಹೊಗೆಯ ಬಣ್ಣದ ಅಡ್ಡಪಟ್ಟಿಗಳು, ಬಾಯಿಯ ಸುತ್ತ ಸಣ್ಣ ಮೀಸೆಗಳು. ಎಂಥ ನೀರಿನಲ್ಲೂ ಕಲ್ಲಿಗೆ ಹತ್ತಿಕೊಂಡು ಇದ್ದಲ್ಲೇ ಇರುತ್ತದೆ. ಮಾಸ್ತರರು ಅದರ ಹೆಸರೇನೆಂದು ಅಂಬಿಗರ ಮುದುಕನನ್ನು ಕೇಳಿದರು.

"ಇದಕ್ಕ ಹೆಸರಿಲ್ರಿ. ತಿನ್ನಾಕ ಬರೂದಿಲ್ಲ, ಮಾರಾಕ ಬರೂದಿಲ್ಲ. ಹೆಸರ ಯಾತಕ್ಕ?"

ಮಾಸ್ತರರು ತಮ್ಮಲ್ಲಿದ್ದ ದಪ್ಪ ಪುಸ್ತಕಗಳಲ್ಲೆಲ್ಲ ಹುಡುಕಿದರು. ಪಟ್ಟಿಗಳು ಹೊಂದಿದರೆ ಮೀಸೆ ಹೊಂದುತ್ತಿರಲಿಲ್ಲ, ಮೀಸೆ ಹೊಂದಿದರೆ ಬಾಲ ಬೇರೆ. ಕೊನೆಗೆ, ದೂರದ ದೊಡ್ಡ ಊರೊಂದರಲ್ಲಿ ಮೀನುಗಳನ್ನೇ ಓದಿಕೊಂಡಿದ್ದ ವಿದ್ವಾಂಸರೊಬ್ಬರಿಗೆ ಭರಣಿಗಳನ್ನು ಕಟ್ಟಿ ಕಳಿಸಿದರು; ಜೊತೆಗೆ ನನ್ನ ಚಿತ್ರಗಳನ್ನು. ಇನ್ನಷ್ಟು ಕಳಿಸಿರಿ, ಗಂಡು ಹೆಣ್ಣು ಎರಡೂ ಬೇಕು, ಬೇರೆ ಬೇರೆ ಕಾಲದವು ಬೇಕು ಎಂದು ಅವರು ಬರೆದರು. ಮಾಸ್ತರರು ಮಳೆಗಾಲದ ಕೆಂಪು ನೀರಿನಲ್ಲೂ ಇಳಿದರು. ಜ್ವರ ಬಂದು ತಿಂಗಳುಗಟ್ಟಲೆ ಮಲಗಿದರು. ಎದ್ದು ಮತ್ತೆ ಇಳಿದರು. ನನಗೂ ಆ ಮೀಸೆಗಳನ್ನು ಬರೆದು ಬರೆದು ಕಣ್ಣು ಸೋತಿತ್ತು. "ಸಾಕ ಮಾಡೂಣೇನ್ರಿ?" ಎಂದು ನಾನು ಕೇಳಿದರೆ, "ಸಾಕಾಗೇತ್ರಿ. ಆದರ ಅದಕ್ಕಿನ್ನೂ ಹೆಸರಿಲ್ಲ" ಎನ್ನುವರು.

ಎಷ್ಟೋ ಕಾಲದ ಮೇಲೆ ಅಚ್ಚಾದ ಒಂದು ಸಣ್ಣ ಪುಸ್ತಿಕೆ ಬಂತು. ಮೀನು ಹೊಸದೇ ಆಗಿತ್ತು. ವಿದ್ವಾಂಸರು ಅದಕ್ಕೆ ಮಾಸ್ತರರ ಅಡ್ಡಹೆಸರನ್ನೇ ಇಟ್ಟಿದ್ದರು. ಇವರು ಕೇಳಿರಲಿಲ್ಲ. ಅವರು ಮೊದಲೇ ತಿಳಿಸಿಯೂ ಇರಲಿಲ್ಲ. ಹುಡುಕಿಕೊಟ್ಟವರಿಗೆ ಹಾಗೆ ಗೌರವ ತೋರಿಸುವುದು ಆ ಶಾಸ್ತ್ರದವರ ಪದ್ಧತಿ.

ಆ ದಿನ ಅವರು ಪೇಟೆಯಿಂದ ಕರದಂಟು ತರಿಸಿ ಎಲ್ಲರಿಗೂ ಹಂಚಿದರು. ನಾವು ಸುತ್ತ ಕೂತೆವು. ಲ್ಯಾಟಿನ್ ಹೆಸರಿನಲ್ಲಿ ಎರಡು ಪದ ಇರುತ್ತವೆ, ಮೊದಲನೆಯದು ಕುಲದ್ದು, ಎರಡನೆಯದು ಅದರ ಸ್ವಂತದ್ದು, ಮನುಷ್ಯನ ಹೆಸರಿಟ್ಟರೆ ಕೊನೆಗೆ ಒಂದು 'ಇ' ಹಚ್ಚುತ್ತಾರೆ, ಅಂದರೆ 'ಇಂಥವನ ಮೀನು' ಎಂದು ಅರ್ಥ — ಹೀಗೆ ವರ್ಗದಲ್ಲಿ ಹೇಳಿದಂತೆಯೇ ನಮಗೆ ಹೇಳಿದರು. ಕಿವಿ ಮಾತ್ರ ಕೆಂಪಾಗಿದ್ದವು. ಶಾಸ್ತ್ರಿಗಳೂ ಕರದಂಟು ತಿಂದರು. ನಾನು ಅವರನ್ನು ಅಷ್ಟು ಖುಷಿಯಲ್ಲಿ ಕಂಡದ್ದು ಅದೊಂದೇ ದಿನ.

ಕೆಟ್ಟದ್ದು ಮಾಡಿದವರು ಯಾರೂ ಇಲ್ಲ. ನಮ್ಮ ಹೆಡ್‌ಮಾಸ್ತರರು ಹೆಮ್ಮೆಯಿಂದ ಬೆಳಗಾವಿಯ ಒಂದು ವಾರಪತ್ರಿಕೆಗೆ ಸುದ್ದಿ ಬರೆದು ಕಳಿಸಿದರು. ಮೂಡಲಗಿಯ ಪೂಜ್ಯ ಶರಣರ ಮನೆತನದ ಹೆಸರು ಇನ್ನು ಮುಂದೆ ಒಂದು ಮೀನಿನ ಮೂಲಕ ಜಗತ್ತಿಗೆಲ್ಲ ಗೊತ್ತಾಗುವುದು ಎಂದು ಅದರಲ್ಲಿತ್ತು. ಹೊಗಳಿ ಬರೆದದ್ದೇ. ಮೂಡಲಗಿಯ ಸಂತೆಯಲ್ಲಿ ಯಾರೋ ಅದನ್ನು ದೊಡ್ಡದಾಗಿ ಓದಿದರು.

ಅಣ್ಣ ಬಂದರು. ಶಾಲೆ ಬಿಡುವ ಹೊತ್ತು. ಎತ್ತರದ ಆಳು, ರುಮಾಲು ಸುತ್ತಿದವರು, ತಮ್ಮನಿಗಿಂತ ಬಹಳ ದೊಡ್ಡವರು. ಜಗಳಕ್ಕೆ ಬಂದವರ ಮುಖ ಅದಲ್ಲ. ಬಾಕಿನ ಮೇಲೆ ತಮ್ಮನ ಪಕ್ಕದಲ್ಲೇ ಕೂತರು.

"ಮುತ್ಯಾನ ಹೆಸರ ಮೀನಿಗೆ ಇಟ್ಟೀಯೇನ ತಮ್ಮಾ?"

"ನಾ ಇಟ್ಟಿಲ್ಲಣ್ಣಾ. ಅವರು ನನ್ನ ಹೆಸರ ಇಟ್ಟಾರ."

"ನಿನ್ನ ಹೆಸರ ಯಾವದು? ಅದ ಮುತ್ಯಾಂದ ಅಲ್ಲೇನ?"

ಮಾಸ್ತರರು ಕಿಟಕಿಯ ಕಡೆ ತಿರುಗಿದರು.

"ಗದ್ದಗಿಗೆ ಕಾಯಿ ಒಡಸಾಕ ಬಂದಾವರು ನನ್ನ ಮಾರಿ ನೋಡಿ ನಗತಾರ. ಸಂತ್ಯಾಗ ಒಬ್ಬಾಂವ ಕೇಳಿದ, ನಿಮ್ಮ ಮುತ್ಯಾನ್ನ ಹುಳೀ ಮಾಡಬೇಕೋ ಹುರೀಬೇಕೋ ಅಂತ. ನಾ ಏನ ಹೇಳ್ಲಿ?"

"ಅದನ್ನ ಯಾರೂ ತಿನ್ನೂದಿಲ್ಲಣ್ಣಾ. ತಿನ್ನೂವಂಥಾ ಮೀನ ಅಲ್ಲ ಅದು."

ಆ ಮಾತು ಕೇಳಿ ಅಣ್ಣನವರು ತಮ್ಮನ ಮುಖವನ್ನು ಬಹಳ ಹೊತ್ತು ನೋಡಿದರು. ಆಮೇಲೆ ಮೆಲ್ಲಗೆ, "ಕಾಗದಾ ಬರಿ. ಆ ಹೆಸರ ತಗೀರಿ ಅನ್ನು. ಬ್ಯಾರೆ ಯಾವುದರ ಇಟ್ಟಕೊಳ್ಳಲಿ" ಎಂದರು. ನೀರು ಕೂಡ ಕುಡಿಯದೆ ಗಾಡಿ ಹತ್ತಿದರು.

ಮಾಸ್ತರರು ಬರೆದರು. ಉತ್ತರ ಬಂತು. ವಿದ್ವಾಂಸರು ಬಹಳ ನೊಂದುಕೊಂಡು ಬರೆದಿದ್ದರು. ಒಮ್ಮೆ ಅಚ್ಚಾಗಿ ಹೊರಬಿದ್ದ ಹೆಸರನ್ನು ಯಾರೂ ಹಿಂದಕ್ಕೆ ತೆಗೆದುಕೊಳ್ಳುವಂತಿಲ್ಲ. ಇಟ್ಟ ತಾವೂ ತೆಗೆಯುವಂತಿಲ್ಲ. ಮನಸ್ಸಿಗೆ ಬಾರದ ಹೆಸರಾದರೂ ಮೊದಲು ಇಟ್ಟದ್ದೇ ಉಳಿಯುತ್ತದೆ. ಜಗತ್ತಿನ ಎಲ್ಲ ದೇಶದವರೂ ಒಪ್ಪಿಕೊಂಡ ನಿಯಮ ಅದು. ಮಾಸ್ತರರು ಅದನ್ನು ನನಗೆ ಓದಿ ಹೇಳಿ ಮಡಿಸಿಟ್ಟರು.

"ಎಂಥಾ ಕಾಯ್ದೆರಿ ಇದು?" ಎಂದು ನನಗೆ ಸಿಟ್ಟು ಬಂತು.

"ಕಾಯ್ದೆ ಚಲೋನ ಐತ್ರಿ. ಇಲ್ಲಂದ್ರ ಒಂದೊಂದ ದೇಶದಾವ್ರು ಒಂದೊಂದ ಕರೀತಾರ. ಯಾವ ಮೀನ ಯಾವುದು ಅಂತ ತಿಳಿಯೂದ ಹೆಂಗ?" ಎಂದರು. ಮತ್ತೆ, "ನನ್ನ ಸಲುವಾಗಿ ಕಾಯ್ದೆ ಕೆಡಬಾರದು" ಎಂದರು.

ಅಷ್ಟರಲ್ಲಿ ಅವರ ಒಬ್ಬಳೇ ಮಗಳ ಲಗ್ನ ಹುಕ್ಕೇರಿಯಲ್ಲಿ ನಿಶ್ಚಯವಾಗಿತ್ತು. ಹುಡುಗ ಒಳ್ಳೆಯವನು. ಹುಡುಗನ ತಂದೆ ಅರಿವೆ ಅಂಗಡಿಯವರು, ನ್ಯಾಯವಂತರೆಂದು ಹೆಸರಿದ್ದವರು. ಅವರ ಅಣ್ಣತಮ್ಮಂದಿರಲ್ಲಿ ಗುಸುಗುಸು ಎದ್ದಿತು. ಜೀವಂತ ಮೀನನ್ನು ಹಿಡಿದು ಭರಣಿಯಲ್ಲಿ ಕೊಲ್ಲುವ ಲಿಂಗವಂತ, ಅದಕ್ಕೆ ಶರಣರ ಹೆಸರಿಡಿಸಿಕೊಂಡವನು, ಅಂಥವನ ಮಗಳನ್ನು ಹೇಗೆ ಮನೆ ತುಂಬಿಸಿಕೊಳ್ಳುವುದು? ಬಂದು ಮಾತನಾಡಿ ಹೋಗಿರೆಂದು ಹೇಳಿಕಳಿಸಿದರು. ಮಾಸ್ತರರು ನನ್ನನ್ನು ಜೊತೆಗೆ ಕರೆದರು. ಅಣ್ಣನವರನ್ನು ಕರೆಯುವಂತಿರಲಿಲ್ಲ.

ಅಂಗಡಿಯ ಹಿಂದಿನ ಪಡಸಾಲೆಯಲ್ಲಿ ಹತ್ತು ಹನ್ನೆರಡು ಹಿರಿಯರು ಜಮಖಾನೆಯ ಮೇಲೆ ಕೂತಿದ್ದರು. ಚಹಾ ಬಂತು. ಯಾರೂ ಗಡಿಬಿಡಿ ಮಾಡಲಿಲ್ಲ. ಹುಡುಗನ ತಂದೆಯೇ ಮಾತು ತೆಗೆದರು.

"ಬೀಗರ, ನಿಮ್ಮ ಮಗಳ ಬಗ್ಗೆ ನಮ್ಮದೇನೂ ತಕರಾರಿಲ್ರಿ. ಈ ಪೇಪರದಾಗ ಬಂದೈತಲ್ಲ, ಅದೊಂದು. ಈಗ ನೋಡ್ರಿ, ಒಂದ ಅಡ್ಡಹೆಸರಿನಾವ್ರು ಭಾಳ ಮಂದಿ ಇರತಾರ. ಅದ ನಿಮ್ಮದ ಅಂತ ಏನೈತಿ? ಪೇಪರದಾವ್ರು ತಪ್ಪ ತಿಳಕೊಂಡಿರಬೇಕು. ಬ್ಯಾರೆ ಯಾರದೋ ಇರಬೇಕಲ್ರಿ?"

ಅವರು ದಾರಿ ತೋರಿಸುತ್ತಿದ್ದರು. ಪಡಸಾಲೆಯಲ್ಲಿದ್ದ ಎಲ್ಲರೂ ಮಾಸ್ತರರ ಬಾಯಿಯನ್ನೇ ನೋಡುತ್ತಿದ್ದರು. ಹರಿದ ರೆಕ್ಕೆಯನ್ನು ಹರಿದಂತೆಯೇ ಬರೆಯಬೇಕೆಂದ ಮನುಷ್ಯ ಈಗ ಏನು ಹೇಳುತ್ತಾರೆಂದು ನಾನು ಜಮಖಾನೆಯ ಗೆರೆಗಳನ್ನು ನೋಡುತ್ತ ಕೂತೆ. ಅವರು ಚಹಾದ ಬಶಿಯನ್ನು ಕೆಳಗಿಟ್ಟರು. ಎರಡೂ ಅಂಗೈ ಮೊಣಕಾಲ ಮೇಲಿಟ್ಟುಕೊಂಡರು.

"ಹೌದ್ರಿ" ಎಂದರು. "ಆ ಹೆಸರ ನಂದಲ್ಲ. ಅದು ಬ್ಯಾರೆಯಾವರದು."

"ಮತ್ತ ಈ ಮೀನ ಹಿಡಿಯೂದು?" ಮೂಲೆಯಲ್ಲಿದ್ದ ಒಬ್ಬರು ಕೇಳಿದರು.

"ಸಾಲ್ಯಾಗ ಕಲಸಾಕ ಬೇಕಾಗಿತ್ರಿ. ಇನ್ನ ಹಿಡಿಯೂದಿಲ್ಲ."

ಅಷ್ಟೇ. ಲಗ್ನದ ಮಾತು ಶುರುವಾಯಿತು. ಯಾರೋ ನಕ್ಕರು, ಯಾರೋ ಎಲೆ ಅಡಿಕೆ ತಟ್ಟೆ ಮುಂದೆ ಸರಿಸಿದರು.

ವಾಪಸು ಬರುವಾಗ ಗೋಕಾವಿಯ ಮೋಟಾರು ತಪ್ಪಿತ್ತು. ಹತ್ತರಗಿಗೆ ಬಂದು, ಅಲ್ಲಿಂದ ದೊಡ್ಡ ರಸ್ತೆ ಹಿಡಿದು, ಅಂಕಲಗಿಯ ನನ್ನ ಮನೆಯಲ್ಲಿ ಇಳಿದು ಹೋಗೋಣವೆಂದುಕೊಂಡೆವು. ಹತ್ತರಗಿಯಲ್ಲಿ ರಸ್ತೆ ಬದಿಯ ಕಲ್ಲಿನ ಮೇಲೆ ಕೂತು ಮೋಟಾರು ಕಾದೆವು. ಬಿಸಿಲು ಜೋರಾಗಿತ್ತು. ಏನಾದರೂ ಅನ್ನಬೇಕೆಂದು ನಾನು, "ಹೆಣ್ಣಮಗಳ ಬಾಳೇವು, ಬ್ಯಾರೆ ದಾರಿ ಇರಲಿಲ್ಲ ಬಿಡ್ರಿ" ಎಂದೆ.

"ಇರಲಿಲ್ರಿ" ಎಂದರು. "ಮೀನಿಂದ ಹೆಸರ ತಗಿಯಾಕ ಬರೂದಿಲ್ಲ ಅಂತ ಅವರು ಬರದಿದ್ರು. ಅದಕ್ಕ ನಾನ ಆ ಹೆಸರಿನಿಂದ ಹೊರಗ ಬಂದೆ. ಆತು, ಮುಂದ?" ಎಂದು ನಗಲು ನೋಡಿದರು. ಬರಲಿಲ್ಲ.

ಲಗ್ನ ಚೆನ್ನಾಗಿಯೇ ಆಯಿತು. ಅಣ್ಣನವರೂ ಬಂದು ನಿಂತು ಮಾಡಿದರು. ಅದಾದ ಮೇಲೆ ಮಾಸ್ತರರು ಹೊಳೆಗೆ ಇಳಿಯಲಿಲ್ಲ. ಭರಣಿಗಳನ್ನೆಲ್ಲ ಕಟ್ಟಿ ಪುಣೆಯ ತಮ್ಮ ಕಾಲೇಜಿಗೆ ಕಳಿಸಿಕೊಟ್ಟರು. ಸಿಪಾಯಿ ಖಾಲಿ ಕಪಾಟನ್ನು ಬೂದಿ ಹಾಕಿ ತೊಳೆದ. ಭಾನುವಾರ ಅವರು ಮನೆಯ ಕಟ್ಟೆಯ ಮೇಲೆ ಕೂತಿರುತ್ತಿದ್ದರು. ಅಕ್ಕಾರು ಒಂದು ದಿನ ನನ್ನನ್ನು ಹೊರಗೆ ಕರೆದು, "ಹೊಳಿ ಕಡೆ ಒಮ್ಮಿ ಕರಕೊಂಡ ಹೋಗ್ರಿ. ಮನ್ಯಾಗ ಕುಂತ ಕುಂತ ಕಲ್ಲಾಗ್ಯಾರ. ನಾ ನೀರ ಕಾಸಿ ಇಡತೇನಿ" ಎಂದರು. ನಾನು ಕರೆದೆ. "ದಣಿವ ಬರತೈತ್ರಿ" ಎಂದರು. ಖರೆ ಹೇಳಬೇಕೆಂದರೆ ಆ ದಿನಗಳಲ್ಲಿ ಅವರನ್ನು ನೋಡಿದರೆ ನನಗೂ ದಣಿವಾಗುತ್ತಿತ್ತು. ಪಾಠದಲ್ಲಿ ಮಾತ್ರ ಏನೂ ಕಡಿಮೆ ಮಾಡಲಿಲ್ಲ. ಕಪ್ಪೆಯನ್ನು ಬಾವಿಯಲ್ಲೇ ನೋಡಿ ಬರಬೇಕಾಗಿತ್ತು.

ಎರಡನೆಯ ಮಹಾಯುದ್ಧ ಶುರುವಾಗುವುದಕ್ಕೆ ಸ್ವಲ್ಪ ಮೊದಲು, ಆ ವಿದ್ವಾಂಸರ ಕೈಕೆಳಗಿನ ತರುಣನೊಬ್ಬ ನಮ್ಮ ಶಾಲೆಗೆ ಬಂದ. ಸೊಂಟಕ್ಕೆ ಚೀಲ, ತಲೆಗೆ ಟೋಪಿ, ಮುಖವೆಲ್ಲ ಬಿಸಿಲಿಗೆ ಕರ್ರಗಾಗಿತ್ತು. ಮಾಸ್ತರರ ಕೋಣೆಗೆ ಬಂದು ಇಂಗ್ಲಿಷಿನಲ್ಲಿ ಆ ಅಡ್ಡಹೆಸರನ್ನು ಹೇಳಿ, ಅವರನ್ನು ಕಾಣಬೇಕಾಗಿತ್ತು, ಅವರ ಹೆಸರಿನ ಮೀನು ಸಿಗುವ ಜಾಗವನ್ನು ಅವರೇ ತೋರಿಸಬೇಕೆಂದು ನಮ್ಮ ಗುರುಗಳು ಹೇಳಿದ್ದಾರೆ ಎಂದ. ಆಗ ಕೋಣೆಯಲ್ಲಿ ಭೂಗೋಳದ ಹೊಸ ಮಾಸ್ತರರೂ ಇದ್ದರು. ಅವರು ಹುಕ್ಕೇರಿಯವರು, ಮಾಸ್ತರರ ಅಳಿಯನ ಚಿಕ್ಕಪ್ಪನ ಮಗ.

ಮಾಸ್ತರರು ಬಾಕಿನಿಂದ ಎದ್ದರು. "ಅವರು ಈಗ ಇಲ್ಲ" ಎಂದು ಇಂಗ್ಲಿಷಿನಲ್ಲೇ ಹೇಳಿದರು. "ಜಾಗ ನನಗೆ ಗೊತ್ತು. ನಡೆಯಿರಿ, ತೋರಿಸುತ್ತೇನೆ."

ನಾನೂ ಜೊತೆಗೆ ಟಾಂಗಾ ಹತ್ತಿದೆ. ಹತ್ತಿರದ ನೂಲಿನ ಗಿರಣಿಯ ಭೋಂಗಾ ಕೂಗುವ ಹೊತ್ತಿಗೆ ಜಲಪಾತದ ಕೆಳಗೆ ಇಳಿದೆವು. ಮಾಸ್ತರರು ದಂಡೆಯ ಮೇಲೆಯೇ ನಿಂತು, ಎಡಕ್ಕೆ, ಇನ್ನೂ ಕೆಳಗೆ, ಆ ಪಾಚಿಗಟ್ಟಿದ ಬಂಡೆಯ ಹಿಂದೆ, ನಿಮ್ಮ ನೆರಳು ನೀರಿನ ಮೇಲೆ ಬೀಳದಂತೆ ನಿಲ್ಲಿರಿ ಎಂದು ಹೇಳುತ್ತಿದ್ದರು. ತರುಣ ಬಲೆ ಒಡ್ಡಿದ. ಮೊದಲ ಸಲಕ್ಕೇ ಸಿಕ್ಕಿತು. ಅವನು ಹುಡುಗರಂತೆ ಕೂಗಿದ. ಎಷ್ಟೋ ಹೊಳೆ ಅಲೆದು ಬಂದಿದ್ದನಂತೆ.

ಆಮೇಲೆ ಬಂಡೆಯ ಮೇಲೆ ಕೂತು ಬೂಟು ಒಣಗಿಸುತ್ತ ಅವನು ಕೇಳಿದ: "ಅವರನ್ನು ನೀವು ಬಲ್ಲಿರಾ? ಎಂಥ ಮನುಷ್ಯ?"

ಈಗ ಹೇಳುತ್ತಾರೆ ಎಂದುಕೊಂಡೆ. ಅಲ್ಲಿ ಹುಕ್ಕೇರಿಯವರು ಯಾರೂ ಇರಲಿಲ್ಲ. ನೀರಿನ ಸಪ್ಪಳದಲ್ಲಿ ಹತ್ತು ಮಾರು ಆಚೆ ನಿಂತವನಿಗೂ ಮಾತು ಕೇಳುತ್ತಿರಲಿಲ್ಲ.

"ಪರಿಚಯವಿತ್ತು" ಎಂದರು ಮಾಸ್ತರರು. "ಸಾಮಾನ್ಯ ಮನುಷ್ಯ. ಬೇಗ ದಣಿಯುತ್ತಿದ್ದ."

ತರುಣನನ್ನು ಸ್ಟೇಶನ್ನಿನ ಗಾಡಿ ಹತ್ತಿಸಿ ಬರುವಾಗ ನನಗೆ ತಡೆಯಲಾಗಲಿಲ್ಲ. "ಅಲ್ಲಿ ಯಾರಿದ್ರು? ಅಂವಗರ ಹೇಳಬಹುದಾಗಿತ್ತಲ್ರಿ" ಎಂದೆ.

"ಹುಕ್ಕೇರ್ಯಾಗ ಇಲ್ಲ ಅಂದ ಮ್ಯಾಲ ದಬದಬಿ ಮುಂದ ಹೌದ ಅಂದ್ರ ಹೆಂಗ್ರಿ ಮಾಸ್ತರ? ಸುಳ್ಳಾದ್ರೂ ಎರಡೂ ಕಡೆ ಒಂದ ಇರ್ಲಿ."

ಮತ್ತೆ ನಾನು ಆ ಮಾತು ತೆಗೆಯಲಿಲ್ಲ. ಅವರು ನಿವೃತ್ತರಾಗುವ ದಿನ ಹಾರ ಹಾಕಿ ಭಾಷಣ ಮಾಡಿದಾಗಲೂ ತೆಗೆಯಲಿಲ್ಲ. ಈಗ ಬರೆಯುವಾಗಲೂ ಅವರ ಹೆಸರು ಬರೆಯಲು ನನ್ನ ಕೈ ಏಳುತ್ತಿಲ್ಲ. ಅವರೇ ಬೇಡವೆಂದು ಹೊರಗೆ ಬಂದ ಹೆಸರು ಅದು.

ಮಣ್ಣಾಗಿ ಕೆಲವು ವಾರಗಳ ಮೇಲೆ ಅವರ ಮಗಳು ಹುಕ್ಕೇರಿಯಿಂದ ಗೋಕಾವಿಗೆ ಬಂದಿದ್ದಳು. ಗೋಕಾವಿಯ ಮನೆ ಖಾಲಿ ಮಾಡಿ ತಾಯಿಯನ್ನು ತನ್ನ ಜೊತೆ ಕರೆದುಕೊಂಡು ಹೋಗುವುದಿತ್ತು. ಈಗ ಎರಡು ಮಕ್ಕಳ ತಾಯಿ. ಕಟ್ಟೆಯ ಮೇಲೆ ನನ್ನ ಮುಂದೆ ಕೂತು, ಸೆರಗಿನ ತುದಿ ಮಡಿಸುತ್ತ ಹೇಳಿದಳು:

"ಕಾಕಾ, ನಮ್ಮ ಮಾವನವರಿಗೆ ಗೊತ್ತಿತ್ತಂತ್ರಿ."

"ಏನವಾ?"

"ಮೀನಿಂದು. ಅವತ್ತ ಪಡಸಾಲ್ಯಾಗ ಅಪ್ಪಾ ಹೇಳಿದ್ದು ಸುಳ್ಳು ಅಂತ. ಆವಾಗನ ಗೊತ್ತಿತ್ತಂತ. ಅಣ್ಣತಮ್ಮಂದಿರ ಬಾಯಿ ಮುಚ್ಚಸಾಕ ಒಂದ ಮಾತ ಬೇಕಾಗಿತ್ತು, ನಿಮ್ಮಪ್ಪ ಕೊಟ್ರು, ಅಲ್ಲಿಗೆ ಮುಗೀತು ಅಂದ್ರು. ಅಪ್ಪಾ ಹೋದ ಮ್ಯಾಲ ಹೇಳಾಕತ್ತಾರ್ರಿ. ಮೊದಲ ಯಾಕ ಹೇಳಲಿಲ್ಲ ಅಂತ ಕೇಳಿದೆ."

"ಏನಂದ್ರು?"

"ನಿಮ್ಮಪ್ಪ ಅದನ್ನ ಮರತಾರ ಅಂತ ತಿಳಕೊಂಡಿದ್ದೆ ಅಂದ್ರು."

ಒಳಗೆ ಅಕ್ಕಾರು ಪಾತ್ರೆಗಳನ್ನು ಚೀಲಕ್ಕೆ ತುಂಬುವ ಸಪ್ಪಳ ಕೇಳುತ್ತಿತ್ತು. ಮಗಳು ಸೆರಗಿನ ತುದಿ ಬಿಟ್ಟು, "ಆ ಮೀನ ನನಗ ತೋರಸ್ರಿ. ಅಪ್ಪಾ ಒಂದ ದಿನಾನೂ ತೋರಸಲಿಲ್ಲ" ಎಂದಳು.

ಮರುದಿನ ಬೆಳಿಗ್ಗೆ ಟಾಂಗಾ ಮಾಡಿಕೊಂಡು ಇಬ್ಬರೂ ಹೋದೆವು. ಮಳೆ ಹಿಂದೆ ಸರಿದಿತ್ತು, ನೀರು ತಿಳಿಯಾಗತೊಡಗಿತ್ತು. ನನ್ನ ಮೊಣಕಾಲು ಈಗ ಬಂಡೆ ಇಳಿಯುವಂಥವಲ್ಲ. ಬಹಳ ಹೊತ್ತು ಹಿಡಿಯಿತು. ದಂಡೆಯ ಮೇಲೆ ನಿಂತು ಜಾಗ ತೋರಿಸಿದೆ. ಆಕೆ ಸೀರೆ ಎತ್ತಿ ಕಚ್ಚೆ ಸಿಕ್ಕಿಸಿ ನೀರಿಗಿಳಿದಳು, ಮೊಣಕಾಲೂರಿ ಕೂತು ಕಲ್ಲಿನ ಮೇಲೆ ಬಾಗಿದಳು.

"ಇದ ಏನ್ರಿ ಕಾಕಾ?"

"ಪಟ್ಟಿ ಪಟ್ಟಿ ಐತೇನು? ಕಲ್ಲಿಗೆ ಹತ್ತಿಕೊಂಡೈತೇನು?"

"ಹ್ಞೂಂರಿ."

"ಅದ ನೋಡವಾ."

ಆಕೆ ತಿರುಗಿ ನನ್ನನ್ನು ನೋಡಿದಳು, ಮತ್ತೆ ನೀರನ್ನು ನೋಡಿದಳು. "ಇಷ್ಟ?" ಎಂದಳು.

"ಇಷ್ಟ."

ಬಿಸಿಲು ಏರಿತು. ಮೇಲೆ ಟಾಂಗಾದವನು ಎರಡು ಸಲ ಕೂಗಿದ. ಆಕೆಯ ಸೀರೆ ಸೊಂಟದವರೆಗೂ ತೊಯ್ದಿತ್ತು. ನನಗೆ ಕೂತು ಬೆನ್ನು ಸೋತಿತು. "ಹೋಗೂಣೇನವಾ?" ಎಂದೆ.

ಆಕೆ ತಲೆ ಎತ್ತಲಿಲ್ಲ. "ನೀವ ಕುಂದರ್ರಿ ಕಾಕಾ" ಎಂದಳು. "ನಾ ಇನ್ನಷ್ಟ ನೋಡತೇನಿ."